ಸೇವಂತಿಗೆ ಹೊಲದಲ್ಲಿ ನನ್ನ ಎರಡನೇ ದೂರದರ್ಶಕ

ಚಿಕ್ಕದೊಂದು ದೂರದರ್ಶಕ ಕೊಳ್ಳುವುದು ಸುಲಭ. ಮನೆಯಲ್ಲಿ ದೊಡ್ಡದೊಂದು ಇರುವಾಗ, ಅದನ್ನು ಹೆಂಡತಿಗೆ ವಿವರಿಸುವುದು ಕಷ್ಟ.

"ಇರೋದ್ರಲ್ಲಿ ಏನ್ ಕಾಣಲ್ಲ?" ಎಂದಳು ಸುಮಿತ್ರ.

"ಕಾಣ್ತದೆ ಕಣೇ. ಎತ್ತೋಕಾಗಲ್ಲ."

ನಮ್ಮ ಮನೆಯ ಏಕೈಕ ಹೆಚ್ಚುವರಿ ಕೋಣೆಯಲ್ಲಿ ಅದು ರಾಗಿ ಕಣಜದಂತೆ ಕೂತಿತ್ತು. ತಾರಸಿಗೆ ಹತ್ತಿಸುವಷ್ಟರಲ್ಲಿ ಮೋಡ ಬರುತ್ತಿತ್ತು. ಮೋಡವಿಲ್ಲದ ದಿನ ಚಿಕ್ಕಬಳ್ಳಾಪುರದ ಹೆದ್ದಾರಿಯ ಬೆಳಕು. ಆ ಕೋಣೆಯ ಮೇಲೆ ಸುಮಿತ್ರಳ ಹೊಲಿಗೆ ಮೆಷಿನ್ನಿಗೂ ಬಹುಕಾಲದಿಂದ ಕಣ್ಣಿತ್ತು. ಕೊನೆಗೆ ಒಪ್ಪಂದವಾಯಿತು: ಚಿಕ್ಕದನ್ನು ಕೊಳ್ಳಬಹುದು. ಆದರೆ ಮೊದಲ ಪ್ರಯತ್ನದಲ್ಲೇ ಗೋಡೆಗೆ ತೂಗುಹಾಕುವಂಥ ಫೋಟೊ ತೆಗೆಯಬೇಕು. ಇಲ್ಲವಾದರೆ ಕೋಣೆ ಮೆಷಿನ್ನಿಗೆ, ದೊಡ್ಡದು ಅಟ್ಟಕ್ಕೆ.

ನಾನು ನಕ್ಕೆ. ಆ ನಗುವನ್ನು ಸುಮಿತ್ರ ಈಗಲೂ ನಟಿಸಿ ತೋರಿಸುತ್ತಾಳೆ. ಅಷ್ಟು ಜೋರಾಗಿ ನಕ್ಕ ನೆನಪು ನನಗಿಲ್ಲ. ಆದರೆ ನಮ್ಮ ಮನೆಯ ನೆನಪುಗಳ ಅಧಿಕೃತ ಪ್ರತಿ ಅವಳ ಬಳಿ ಇದೆ.

ಅಂತರ್ಜಾಲದ ಪಂಡಿತರೆಲ್ಲರ ಉಪದೇಶ ಕೇಳಿ, ಮೊಳದುದ್ದದ ಕೊಳವೆಯೊಂದನ್ನು ಆರಿಸಿದೆ. ಕೈಚೀಲದಲ್ಲಿ ಹಿಡಿಸುತ್ತದೆ ಎಂದಿದ್ದರು. ಹಿಡಿಸಿತು! ಆಮೇಲೆ ಫೋಟೊಗೆ ಕ್ಯಾಮೆರಾ, ಅದು ಅಲುಗದಂತೆ ಮುಕ್ಕಾಲಿ, ನಕ್ಷತ್ರದ ಹಿಂದೆ ತಿರುಗಲು ಮೋಟಾರು, ಮೋಟಾರಿಗೆ ಬ್ಯಾಟರಿ, ಇವೆಲ್ಲವನ್ನೂ ಗದರಿಸಲು ಲ್ಯಾಪ್‌ಟಾಪ್. ಕೈಚೀಲದ ದೂರದರ್ಶಕ ನಾಲ್ಕು ಚೀಲಗಳಲ್ಲಿ ಹೊರಟಿತು.

ಎಲ್ಲಿಗೆ? ಮುರುಗಮಲ್ಲದ ಆಚೆ, ಭಾಮೈದ ಮುನಿರಾಜುವಿನ ಹೊಲದ ಮನೆಗೆ. ಮೊದಲೇ ಫೋನಿನಲ್ಲಿ ವೈಜ್ಞಾನಿಕವಾಗಿ ವಿಚಾರಿಸಿದ್ದೆ.

"ನಿಮ್ ಕಡೆ ಬೀದಿ ದೀಪ ಎಷ್ಟಿವೆ?"

"ಒಂದೂ ಇಲ್ಲ ಭಾವ! ಪಂಚಾಯ್ತಿಗೆ ಕೇಳಿ ಕೇಳಿ ಸಾಕಾಯ್ತು."

ಇದಕ್ಕಿಂತ ಶುಭ ಸಮಾಚಾರವುಂಟೇ!

ಚಿಂತಾಮಣಿ ಬಸ್ಸಿನ ಕಂಡಕ್ಟರ್ ನನ್ನ ಕೊಳವೆಯನ್ನು ನೋಡಿ, "ಯಾರ್ ಮದುವೆ ಸಾರ್? ಓಲಗಕ್ಕೆ ನೀವೊಬ್ರೇನಾ?" ಎಂದ. ತೀರ್ಪುಗಾರಳಾಗಿ ಜೊತೆಗೆ ಬಂದಿದ್ದ ಸುಮಿತ್ರ ಕಿಟಕಿಯಾಚೆ ನೋಡಿದಳು. ಅತ್ತೆ ಬಾಗಿಲಲ್ಲೇ ಗಾಬರಿಯಾದರು: "ಏಮಪ್ಪಾ, ಇಷ್ಟೊಂದು ಸಾಮಾನು? ಮನೆ ಖಾಲಿ ಮಾಡ್ಕೊಂಡ್ ಬಂದ್ರಾ?"

ಕತ್ತಲಾಯಿತು. ಎಂಥ ಕತ್ತಲು! ತಾರಸಿಯಲ್ಲಿ ಎಲ್ಲ ಜೋಡಿಸಿ, ದೇವಯಾನಿ ಗೆಲಾಕ್ಸಿಗೆ ಗುರಿಯಿಟ್ಟೆ. ಆಗ ಕೆಳಗೆ ಮುನಿರಾಜು ಸ್ವಿಚ್ ಒತ್ತಿದ.

ಇಡೀ ಹೊಲ ಹೊತ್ತಿಕೊಂಡಿತು! ಸಾಲು ಸಾಲು ಬಲ್ಬುಗಳು.

"ಏನೋ ಇದು?"

"ಸೇವಂತಿಗೆ ಭಾವ. ಬೆಳಕಿದ್ರೆ ಗಿಡ ಇನ್ನೂ ಹಗಲು ಅನ್ಕೊಂಡು ಎತ್ತರ ಬೆಳೀತದೆ."

"ಇವತ್ತೊಂದಿನ ಆರ್ಸಪ್ಪ."

"ಆರ್ಸಿದ್ರೆ ಮೊಣಕಾಲುದ್ದಕ್ಕೇ ಮೊಗ್ಗು ಬಿಟ್ಬಿಡ್ತದೆ. ನಿಮ್ ನಕ್ಷತ್ರ ನಾಳೆನೂ ಇರ್ತದಲ್ವಾ?"

"ಪಕ್ಕದ ಹೊಲಕ್ಕೆ ಹೋಗಣ."

"ಅದೂ ಸೇವಂತಿಗೇನೇ. ಅದರಾಚೇದೂ."

ಪ್ರತಿ ಹಬ್ಬಕ್ಕೂ ಇದೇ ಹೊಲದ ಹೂವನ್ನು ದೇವರಿಗೆ ಏರಿಸಿದವನು ನಾನು. ಅದು ಹೇಗೆ ಬೆಳೆಯುತ್ತದೆಂದು ಕೇಳಿರಲಿಲ್ಲ. ನಕ್ಷತ್ರ ಹೇಗೆ ಹುಟ್ಟುತ್ತದೆಂದು ಕೇಳಿದ್ದರೆ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ.

ಹಠ ಬಿಡದೆ ಫೋಟೊ ತೆಗೆದೆ. ಪರದೆಯ ತುಂಬ ಮಜ್ಜಿಗೆ.

"ಯಾವ ಗೆಲಾಕ್ಸಿ ಇದು?" ಎಂದಳು ಸುಮಿತ್ರ.

"ಆಕಾಶ."

"ಫ್ರೇಮ್ ಹಾಕ್ಸಣ. ಯಾವ ಕಡೆ ಮೇಲೆ?"

ಅಷ್ಟರಲ್ಲಿ ಮುನಿರಾಜು ಕ್ಯಾಮೆರಾ ತೆಗೆಸಿ, ಕೊಳವೆಯನ್ನು ಹೊಲದತ್ತ ತಿರುಗಿಸಿ ಕಣ್ಣಿಟ್ಟ. "ಭಾವ! ಕೊನೇ ಸಾಲಲ್ಲಿ ಬಲ್ಬು ಹೋಗ್ಬಿಟ್ಟದೆ! ಇಲ್ಲಿಂದ್ಲೇ ಕಾಣ್ತದೆ!"

"ತಲೆಕೆಳಗಾಗಿ ಕಾಣುತ್ತೆ ಕಣೋ," ಎಂದೆ ಸೋತ ದನಿಯಲ್ಲಿ.

"ತಲೆಕೆಳಗಾದ್ರೇನು, ಹೋಗಿರೋದು ಹೋಗಿರೋದೇ!"

ಈಗ ಕೋಣೆಯಲ್ಲಿ ಮೆಷಿನ್ ಓಡುತ್ತಿದೆ. ಅದು ಹೊಲಿದ ಮೊದಲ ಬಟ್ಟೆ, ಅಟ್ಟದಲ್ಲಿರುವ ದೊಡ್ಡ ದೂರದರ್ಶಕದ ಗವಸು. ಚಿಕ್ಕದು ಮುನಿರಾಜುವಿನ ತಾರಸಿಯಲ್ಲಿ ಖಾಯಂ ಆಗಿದೆ. ಹೋದ ಶನಿವಾರ (ಭಾನುವಾರವೂ ಇರಬಹುದು, ಸುಮಿತ್ರಳನ್ನು ಕೇಳಬೇಕು) ಅಲ್ಲಿ ಕೂತು, ಬೆಳಕು ಸೂಸದ ಎರಡು ಹೊಸ ಕಾಯಗಳನ್ನು ನಾನೇ ಸ್ವತಂತ್ರವಾಗಿ ಪತ್ತೆಹಚ್ಚಿದೆ.

ಮುನಿರಾಜು ಹೋಗಿ ಎರಡನ್ನೂ ಬದಲಿಸಿದ.