ಆದೇಶಾನ್ವಯ ಅಪ್ಪ

ಹೊಸದುರ್ಗದ ನಲ್ಲಿ ನಿರ್ವಹಣಾ ಉಪಕಚೇರಿಯ ಮುಖ್ಯಾಧಿಕಾರಿಗಳಾದ ಶ್ರೀ ಗುರುರಾಜ್ ಅವರು ಕನ್‌ಫ್ಯೂಷಿಯಸ್ ಎಂಬ ಚೀನೀ ಮಹಾಪುರುಷನ ಉಪದೇಶಕ್ಕೆ ಮನಸೋತದ್ದು ಸರ್ವವಿದಿತವಾದ ಸಂಗತಿ. ಚಿತ್ರದುರ್ಗದಲ್ಲಿ ನಡೆದ ಸಿಬ್ಬಂದಿ ತರಬೇತಿಯಲ್ಲಿ ಉಪನ್ಯಾಸಕರು, ಹಿರಿಯನು ಬಂದಾಗ ಕಿರಿಯನು ಏಳತಕ್ಕದ್ದೆಂಬುದು ಆ ಮಹಾತ್ಮನ ಮತವೆಂದು ತಿಳಿಸಿದರು. ಗುರುರಾಜರ ಕಣ್ಣು ತುಂಬಿ ಬಂತು. ಹಿರಿಯನ ನಡತೆಯೂ ಆ ಗೌರವಕ್ಕೆ ತಕ್ಕಂತಿರಬೇಕೆಂಬ ಉಳಿದರ್ಧವನ್ನು ಉಪನ್ಯಾಸಕರು ಹೇಳುವ ಹೊತ್ತಿಗೆ ಅವರು ಚಹಾಕ್ಕೆಂದು ಹೊರಗೆ ಹೋಗಿದ್ದರು.

ಮರುದಿನವೇ ಆದೇಶ ಹೊರಬಿತ್ತು.

"ಅರಸು-ಪ್ರಜೆ, ತಂದೆ-ಮಗ, ಗಂಡ-ಹೆಂಡತಿ, ಅಣ್ಣ-ತಮ್ಮ, ಗೆಳೆಯ-ಗೆಳೆಯ ಎಂಬ ಪಂಚಸಂಬಂಧಗಳ ಹೊರತಾಗಿ ಈ ಕಚೇರಿಯಲ್ಲಿ ಯಾರೂ ಯಾರೊಡನೆಯೂ ವ್ಯವಹರಿಸತಕ್ಕದ್ದಲ್ಲ. ಹೆಸರಿಗೂ ನಡತೆಗೂ ಅಂತರವಿರಕೂಡದಾದ್ದರಿಂದ, ಒಬ್ಬರು ಇನ್ನೊಬ್ಬರನ್ನು ಯಾವ ಸಂಬಂಧದಿಂದ ಕರೆಯುವರೋ ಆ ಸಂಬಂಧವು ಕರೆದ ಕ್ಷಣದಿಂದಲೇ ಜಾರಿಗೆ ಬರತಕ್ಕದ್ದು."

ಎಲ್ಲರೂ ತಮ್ಮನ್ನು ಅರಸರೆಂದು ಕರೆಯುವರೆಂದು ಗುರುರಾಜರು ನಿರೀಕ್ಷಿಸಿದ್ದರು. ಆ ಸಂತೋಷದಲ್ಲಿ ಕಚೇರಿಯ ಜವಾನರನ್ನು ಕೂಗಿದರು:

"ಏನಪ್ಪ ಮುರುಗಪ್ಪ, ಒಂದು ಟೀ ತಗಂಬಾರಪ್ಪ."

"ಸಾರ್," ಎಂದರು ಅಧೀಕ್ಷಕಿ ತೇಜಸ್ವಿನಿ, "ಒಂದೇ ಮಾತಲ್ಲಿ ಮೂರು ಸಲ ಅಪ್ಪ ಅಂದ್ರಿ. ಜಾರಿಗೆ ಬಂತು."

"ಅಲ್ಲ ಕಣಮ್..." ಎಂದ ಗುರುರಾಜರು ಅರ್ಧದಲ್ಲೇ ಬಾಯಿ ಮುಚ್ಚಿದರು.

ಅಂದಿನಿಂದ ಮಗನು ತಂದೆಗೆ ಚಹಾ ತಂದುಕೊಡುವುದೂ, ತಂದೆಯು ಊಟವಾದ ಮೇಲೆ ಮಗನ ಕುರ್ಚಿಯಲ್ಲಿ ನಿದ್ರಿಸುವುದೂ ಕಚೇರಿಯ ಪದ್ಧತಿಯಾಯಿತು. ಸತ್ಯವನ್ನೇ ಹೇಳುವುದಾದರೆ, ಈ ಉಪದೇಶವು ಗುರುರಾಜರಿಗಿಂತ ಮುರುಗಪ್ಪನವರ ಹೃದಯವನ್ನೇ ಆಳವಾಗಿ ಮುಟ್ಟಿತ್ತು. "ಚೀನಾದೋನಾದ್ರೂ ಒಳ್ಳೇ ಮನುಷ್ಯ ಕಣ್ರಿ" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು.

ಹೀಗಿರಲು ಒಂದು ಮಧ್ಯಾಹ್ನ ಬಾಗೂರಿನಿಂದ ಸಿದ್ದಕ್ಕ ಎಂಬವರು ಬಂದರು. ಅವರ ಕೇರಿಯ ಕೊಳವೆ ಒಡೆದಿತ್ತು. ಮನೆಯಲ್ಲಿ ಬಾಣಂತಿ ಮಗಳು, ಹಸುಗೂಸು.

"ಏನಮ್ಮ?" ಎಂದರು ಗುರುರಾಜರು, ಅಭ್ಯಾಸಬಲದಿಂದ.

ತೇಜಸ್ವಿನಿ ಕೆಮ್ಮಿದರು. ಗುರುರಾಜರು ಸ್ಟೂಲಿನಿಂದ ಎದ್ದು ಬಂದು ಸಿದ್ದಕ್ಕನವರ ಪಾದ ಮುಟ್ಟಿದರು.

"ಕಾಲು ಆಮೇಲೆ ಹಿಡೀರಿ ಸ್ವಾಮಿ. ಕೂಸಿಗೆ ಎರೆಯಾಕೆ ಒಂದು ತಂಬಿಗೆ ನೀರಿಲ್ಲ. ಪೈಪು ಸರಿ ಮಾಡಾಕೆ ಯಾರನ್ನಾರ ಕಳಿಸ್ರಿ."

"ಕಳಿಸಬೇಕು ತಾಯಿ. ಆದ್ರೆ ಪೈಪು ನೋಡೋ ರಂಗಸ್ವಾಮಿನ ನಾನು ರಂಗಣ್ಣ ಅಂತ ಕರೀತೀನಿ. ತಮ್ಮ ಆದೋನು ಅಣ್ಣಂಗೆ ಕೆಲಸ ಹೇಳಂಗಿಲ್ಲ. ಅಪ್ಪನೇ ಹೇಳಬೇಕು."

"ಹಂಗಾರೆ ನಿಮ್ಮಪ್ಪಂಗೆ ಹೇಳ್ರಿ."

"ಮಲಗವ್ರೆ. ಮಕ್ಕಳು ಅಪ್ಪನ್ನ ಎಬ್ಬಿಸಂಗಿಲ್ಲ."

ರಂಗಸ್ವಾಮಿಯವರು ಸ್ಪ್ಯಾನರ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಹೋಗಿ ಬರ್ಲಾ ಸಾರ್?" ಎಂದು ಕೇಳಲಾಗಿ, ತಂದೆಯ ಅಪ್ಪಣೆಯಿಲ್ಲದೆ ಹಿರಿಮಗನು ಹೊಸ್ತಿಲು ದಾಟುವುದು ಕಚೇರಿಯ ವಂಶಕ್ಕೆ ಶೋಭೆಯಲ್ಲವೆಂದು ಅವರಿಗೆ ತಿಳಿಸಲಾಯಿತು.

ಆಗ ತೇಜಸ್ವಿನಿ ಒಂದು ಸೂಕ್ಷ್ಮ ಅಂಶವನ್ನು ಮಂಡಿಸಿದರು. ಸಾಹೇಬರ ತಂದೆ ಮುರುಗಪ್ಪ. ಸಾಹೇಬರ ತಾಯಿ ಸಿದ್ದಕ್ಕ. ಆದಕಾರಣ ಇವರೀರ್ವರೂ ಮೂರನೆಯ ಸಂಬಂಧದ ವ್ಯಾಪ್ತಿಗೆ ಬರುತ್ತಾರೆ.

"ಏನಂದಿ? ಈ ಗೊರಕೆ ನನ್ ಗಂಡನಾ?" ಸಿದ್ದಕ್ಕ ಸೆರಗನ್ನು ಸೊಂಟಕ್ಕೆ ಸಿಗಿಸಿದರು. "ಮನೇಲಿರೋ ಒಬ್ನೇ ಸಾಕಾಗೈತೆ ನಂಗೆ!"

"ಕಚೇರಿ ವೇಳೆಗೆ ಮಾತ್ರ" ಎಂದು ತೇಜಸ್ವಿನಿ ಸಮಾಧಾನಪಡಿಸಿದರು.

ಸಿದ್ದಕ್ಕ ಕೊಂಚ ಯೋಚಿಸಿದರು. "ಹೆಂಡ್ತಿ ಎಬ್ಬಿಸಬೋದಾ?"

"ನಿಷೇಧ ಇಲ್ಲ."

"ಏಯ್, ಏಳ್ರಿ! ಮಗಳು ಬಾಣಂತಿ ಅವಳೆ, ಮೊಮ್ಮಗೀಗೆ ನೀರಿಲ್ಲ, ಇಲ್ಲಿ ಬಿದ್ಕಂಡು ಗೊರಕೆ ಹೊಡೀತೀರಾ?"

ಬಹುಕಾಲ ಸಂಸಾರ ಮಾಡಿದ್ದ ಮುರುಗಪ್ಪನವರು "ಎದ್ದೆ ಕಣೇ, ಹೊರಟೆ" ಎನ್ನುತ್ತ ಎದ್ದು ನಿಂತರು. ಕೂಗಿದವರು ಯಾರೆಂದು ಕಣ್ಣು ತೆರೆದು ನೋಡುವ ರೂಢಿ ಅವರಿಗಿರಲಿಲ್ಲ. "ಲೇ ರಂಗ, ಹೋಗಲೇ ಬಾಗೂರಿಗೆ!"

ಹೊತ್ತು ಮುಳುಗುವ ಮುನ್ನ ಕೂಸಿಗೆ ಎರೆದದ್ದಾಯಿತು. ಇಷ್ಟೆಲ್ಲ ಸಂಬಂಧಗಳಿಲ್ಲದೆಯೂ ರಂಗಸ್ವಾಮಿಯವರು ಹೋಗಿ ಬರಬಹುದಿತ್ತಲ್ಲವೇ ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳಲು ಆದೇಶದಲ್ಲಿ ಅವಕಾಶವಿರಲಿಲ್ಲ.

ಸುದ್ದಿ ಹೊಳಲ್ಕೆರೆ, ಹಿರಿಯೂರುಗಳವರೆಗೂ ಹಬ್ಬಿತು. ನಲ್ಲಿ ಒಣಗಿದ ಊರುಗಳ ಹೆಣ್ಣುಮಕ್ಕಳು ಗುರುರಾಜರ ಬಾಯಿಂದ "ಏನಮ್ಮ" ಎನಿಸಿಕೊಳ್ಳಲು ಬಂದು ಸಾಲು ನಿಂತರು. ಮುರುಗಪ್ಪನವರ ಕಚೇರಿ ಸಂಸಾರವು ದಿನೇದಿನೇ ವೃದ್ಧಿಯಾಯಿತು, ನಿದ್ರೆಯು ತುಂಡುತುಂಡಾಯಿತು, ಕೊಳವೆಗಳು ಒಂದೊಂದಾಗಿ ದುರಸ್ತಿಯಾದವು. ಪೌರಸೇವೆಯಲ್ಲಿ ಕೌಟುಂಬಿಕ ವಾತಾವರಣವನ್ನು ಮೂಡಿಸಿದ್ದಕ್ಕಾಗಿ ಮೇಲಧಿಕಾರಿಗಳು ಗುರುರಾಜರಿಗೆ ಶಾಲು ಹೊದಿಸಿದರು.

ಒಂದು ದಿನ ಮುರುಗಪ್ಪನವರು ಊರೆಲ್ಲ ಬಲ್ಲಂತೆ ತಾಳಿ ಕಟ್ಟಿದ ಶಿವಗಂಗಮ್ಮನವರೇ ಖಾಲಿ ಕೊಡ ಹಿಡಿದು ಬಂದರು. ಸಿಬ್ಬಂದಿವರ್ಗ ಕಡತ ಮುಚ್ಚಿಟ್ಟು ನೋಡತೊಡಗಿತು.

"ಮನೇಲಿ ಹೇಳಿ ಹೇಳಿ ಸಾಕಾಯ್ತು. ನಮ್ ನಲ್ಲೀಲೂ ನೀರಿಲ್ಲ."

"ಏನಮ್ಮ?" ಎಂದರು ಗುರುರಾಜರು.

ಮುರುಗಪ್ಪನವರ ಪತ್ನಿಯರ ಪಟ್ಟಿಗೆ ಶಿವಗಂಗಮ್ಮನವರನ್ನು ಹೊಸದಾಗಿ ಸೇರಿಸಿಕೊಂಡ ತೇಜಸ್ವಿನಿ, ಹಿರಿಯರು ಮುಂದೆ, ಕಿರಿಯರು ಹಿಂದೆ ಎಂಬ ನಿಯಮವನ್ನು ವಿವರಿಸಿ ಸಾಲಿನ ಕೊನೆಯನ್ನು ತೋರಿಸಿದರು. ಶಿವಗಂಗಮ್ಮನವರು ಸಾಲಿನ ಉದ್ದವನ್ನೊಮ್ಮೆ, ಕುರ್ಚಿಯಲ್ಲಿ ಒರಗಿದ್ದ ಪತಿಯನ್ನೊಮ್ಮೆ ನೋಡಿದರು. ಬಳಿಕ, ಕೊಳವೆ ಮತ್ತೆ ಒಡೆದದ್ದರಿಂದ ಅಂದು ಬಂದು ಬೆಂಚಿನ ಮೇಲೆ ಕುಳಿತಿದ್ದ ಸಿದ್ದಕ್ಕನವರ ಬಳಿ ಹೋದರು.

"ಅಕ್ಕಾ, ಒಂಚೂರು ಸರ್ಕಳ್ರಿ."

"ಬಾ ತಂಗಿ, ಕುಂತ್ಕ" ಎಂದರು ಸಿದ್ದಕ್ಕ. "ನಾನೊಂದ್ಸಲ ಎಬ್ಬಿಸಿಬಿಡ್ತೀನಿ, ಆಮೇಲೆ ನೀನು."