ಬೋರ್ಡು ನನ್ನದು, ಗೋಡೆ ಯಾರದು?

ನಾನು ಬರೆದದ್ದನ್ನು ಎಲ್ಲರೂ ಓದಬೇಕು, ಆದರೆ ಅದರ ಬಗ್ಗೆ ಯಾರೂ ತುಟಿ ಬಿಚ್ಚಕೂಡದು ಎಂಬ ಆಸೆ ನನಗೆ ಬಹಳ ದಿನ ಇತ್ತು. ಕುರ್ಲಾದ ನಮ್ಮ ಚಾಳಿಗೆ, ಎಂದರೆ ವಠಾರಕ್ಕೆ, ನಾನು ಸೆಕ್ರೆಟರಿಯಾಗಿದ್ದ ಕಾಲ. ಮೆಟ್ಟಿಲ ಬುಡದ ನೋಟೀಸ್ ಬೋರ್ಡಿಗೆ ಗಾಜು ಹಾಕಿಸಿ, ಬೀಗ ಜಡಿದು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದೆ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಎಂಬ ಎರಡು ಸಾಲಿಗೂ ಸಂಪಾದಕೀಯದ ಗತ್ತು ಕೊಡುತ್ತಿದ್ದೆ.

ಗಾಜು ಹಾಕಿಸಿದ್ದು ಹುಸೇನ್ ಸಾಹೇಬರ ಕಾಟಕ್ಕೆ. ಕೆಳಗಿನ ಖೋಲಿಯಲ್ಲಿದ್ದ ಈ ವಿಜಾಪುರದ ಟೇಲರ್, ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸಿನಿಂದ ನನ್ನ ನೋಟೀಸಿನ ಅಂಚಿನಲ್ಲೇ ಷರಾ ಬರೆಯುತ್ತಿದ್ದರು. ಗಾಜು ಬಂದ ಮೇಲೆ ಪಕ್ಕದ ಗೋಡೆಗೆ ದಾಟಿದರು. ನನ್ನ ಬರಹದ ಬಗ್ಗೆ ಬರೆಯಲು ನನ್ನ ಅಪ್ಪಣೆ ಬೇಡವೇ ಎಂದು ಜಗಳಕ್ಕೇ ಹೋದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ, "ಬೋರ್ಡ್ ನಿಮ್ದ್ರೀ ಸಾಹೇಬ್ರ, ಗೋಡಿ ಎಲ್ಲಾರ್ದೂ ಐತಲ್ರಿ" ಎಂದರು. ಅಂದಿನಿಂದ ಅವರು ಬರೆಯುವುದು, ನಾನು ಒದ್ದೆ ಬಟ್ಟೆಯಿಂದ ಒರೆಸುವುದು.

ಅಪ್ಪನ ಶ್ರಾದ್ಧದ ಹಿಂದಿನ ಸಂಜೆ ಆಫೀಸಿನಿಂದ ಬಂದಾಗ ಗೋಡೆಯ ಮೇಲೆ "ಸೆಕ್ರೆಟರಿ ಸಾಹೇಬ್ರು ತಪ್ಪು ಬರದಾರ" ಎಂಬ ಮೊದಲ ಸಾಲು ಕಂಡಿತು. ಎರಡನೆಯದನ್ನು ಓದುವ ತಾಳ್ಮೆ ನನಗಿರಲಿಲ್ಲ. ಎಲ್ಲವನ್ನೂ ಒರೆಸಿ ಮೇಲೆ ಹೋದೆ. ಗೋಡೆಯಲ್ಲಿ ಏನಾದರೂ ಇತ್ತೇ ಎಂದು ಹೆಂಡತಿ ಸರೋಜ ಕೇಳಿದಳು. ಏನೂ ಇಲ್ಲ ಎಂದೆ. ಮಡಿಗೆ ಹೊಸ ನೀರೇ ಬೇಕೆಂದು ಅವಳು ಹಂಡೆ, ಕೊಡ ಎಲ್ಲ ಖಾಲಿ ಮಾಡಿ ತೊಳೆದಿಟ್ಟಳು.

ನನ್ನ ನೋಟೀಸಿನ ಪ್ರಕಾರ ಬೆಳಿಗ್ಗೆ ಐದೂವರೆಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಪುರೋಹಿತರು ಮಾಟುಂಗದಲ್ಲಿ ಲೋಕಲ್ ರೈಲು ಹತ್ತಿಯೂ ಆಗಿರಬೇಕು. ಇಲ್ಲಿ ನನಗೆ ಸ್ನಾನಕ್ಕೂ ನೀರಿಲ್ಲ, ಅನ್ನಕ್ಕೂ ಇಲ್ಲ. ಪಕ್ಕದ ಮನೆಯ ಡ್ರಮ್ಮು ಮಾತ್ರ ತುಂಬಿ ತುಳುಕುತ್ತಿತ್ತು. ಪೈಪ್ ರಿಪೇರಿಯಂತೆ, ನೀರು ನಾಲ್ಕಕ್ಕೇ ಬಂದು ಹೋಯಿತಂತೆ. ವಾಲ್ವ್ ತಿರುಗಿಸುವವನು ಚಹಾ ಕುಡಿಯುತ್ತಾ ಹುಸೇನ್ ಸಾಹೇಬರಿಗೆ ಹಿಂದಿನ ದಿನವೇ ಹೇಳಿದ್ದು ಗೋಡೆಯ ಆ ಎರಡನೆಯ ಸಾಲಿನಲ್ಲಿ ಬಂದಿತ್ತು. ನಾನು ಒರೆಸುವ ಮೊದಲೇ ಇಡೀ ಚಾಳು ಓದಿ ಮುಗಿಸಿತ್ತು. ಸರೋಜ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಅಷ್ಟರಲ್ಲಿ ಹುಸೇನ್ ಸಾಹೇಬರು ಎರಡು ಕೊಡ ತಂದು ಹೊಸ್ತಿಲ ಹೊರಗೇ ಇಳಿಸಿದರು. "ನಲ್ಯಾಗಿಂದ ಹಿಡದದ್ದು ಹಂಗಽ ಐತ್ರಿ, ಕೈ ಅದ್ದಿಲ್ಲ. ನಿಮ್ಮ ಅಪ್ಪಾರ ಕಾರ್ಯಕ್ಕ ನಡೀತದೇನ್ರಿ?"

ಎರಡು ಕೊಡವನ್ನೂ ನಾನೇ ಒಳಗೆ ತಂದೆ. ಅಪ್ಪನ ಶ್ರಾದ್ಧ ಆ ನೀರಿನಲ್ಲೇ ನಡೆಯಿತು.

ಸಂಜೆ ಕೃತಜ್ಞತೆ ಬರೆಯೋಣವೆಂದುಕೊಂಡೆ. ಬೋರ್ಡನ್ನು ಯಾರೂ ಓದುವುದಿಲ್ಲ ಎಂಬುದು ಅಷ್ಟರಲ್ಲಿ ತಿಳಿದಿತ್ತಲ್ಲ, ಅವರಿಂದಲೇ ನೀಲಿ ಚಾಕ್‌ಪೀಸು ಬೇಡಿ ತಂದು ಗೋಡೆಯ ಮೇಲೆ ನಾಲ್ಕು ಸಾಲು ಬರೆದೆ. ಮರುದಿನ ನೋಡಿದರೆ ಯಾರೋ ಒರೆಸಿದ್ದರು. ಮೈಯೆಲ್ಲ ಉರಿಯಿತು. ಆ ಕ್ಷಣವೇ ಬೀಗ ತೆಗೆದು, ಗೋಡೆಯ ಬರಹವನ್ನು ಸೆಕ್ರೆಟರಿಯ ಅಪ್ಪಣೆಯಿಲ್ಲದೆ ಯಾರೂ ಒರೆಸಕೂಡದೆಂದು ಕಟುವಾದ ನೋಟೀಸು ಹಾಕಿ, ಮತ್ತೆ ಬೀಗ ಜಡಿದೆ.