ಮೊದಲ ಮಹಡಿಯವರ ದೋಣಿ

ಸುಮ್ಮನೆ ಕೂರುವುದು ಒಂದು ವಿದ್ಯೆ. ಕೆಲವರಿಗೆ ಅದು ಹುಟ್ಟಿನಿಂದಲೇ ಬಂದಿರುತ್ತದೆ. ನಮ್ಮ ಮನೆಯವರು ಅಂಥವರು. ಭಾನುವಾರ ಬೆಳಗ್ಗೆ ಬಾಲ್ಕನಿಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತರೆಂದರೆ ಬಿಸಿಲೇ ಅವರನ್ನು ದಾಟಿಕೊಂಡು ಹೋಗಬೇಕು. ನನಗೆ ಆ ವಿದ್ಯೆ ಒಲಿಯಲಿಲ್ಲ. ಇನ್ಶೂರೆನ್ಸ್ ಆಫೀಸಿನಲ್ಲಿ ವಾರವಿಡೀ ಕುರ್ಚಿಗೆ ಅಂಟಿಕೊಂಡಿರುವ ಸೇಡನ್ನು ರಜೆಯ ದಿನ ಮನೆಯ ಸಾಮಾನುಗಳ ಮೇಲೆ ತೀರಿಸಿಕೊಳ್ಳುತ್ತೇನೆ. ಹೂಕುಂಡಗಳಿಗೆ ಬಣ್ಣ ಹೊಡೆಯುತ್ತೇನೆ. ಅದು ಒಣಗುವಷ್ಟರಲ್ಲಿ ಬೇರೆ ಬಣ್ಣವೇ ಚೆನ್ನಾಗಿತ್ತು ಅನ್ನಿಸಿ ಮತ್ತೆ ಡಬ್ಬಿ ತೆಗೆಯುತ್ತೇನೆ. ಸೋಫಾವನ್ನು ಕಿಟಕಿಯ ಕಡೆಗೆ ತಿರುಗಿಸುತ್ತೇನೆ, ಟೀವಿಯನ್ನು ಅದರ ಹಿಂದೆ ಓಡಿಸುತ್ತೇನೆ. ಒಮ್ಮೆ ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬಟ್ಟೆಯ ಸ್ಟ್ಯಾಂಡು ಜಾಗ ಬದಲಾಯಿಸಿಬಿಟ್ಟಿತ್ತು. ಪಾಪ, ಅಭ್ಯಾಸಬಲದಿಂದ ಟವೆಲನ್ನು ಗಾಳಿಗೆ ನೇತುಹಾಕಿ ಹೊರಟರು. ಅದು ಕೆಳಗೆ ಬಿದ್ದದ್ದನ್ನು ನೋಡಿ, ಎತ್ತಿಕೊಂಡು, ಏನೂ ಅನ್ನದೆ ಹೊಸ ಜಾಗವನ್ನು ಹುಡುಕಿದರು. ಅವರು ಏನೂ ಅನ್ನದಿರುವುದೇ ನನ್ನ ಕಾಯಿಲೆ ಉಲ್ಬಣಿಸಲು ಕಾರಣವೆಂದು ನನ್ನ ತಂಗಿಯ ಅಭಿಪ್ರಾಯ.

ದೋಣಿ ಮನೆಗೆ ಬಂದದ್ದೂ ಈ ಕಾಯಿಲೆಯಿಂದಲೇ. ಆಫೀಸಿನವರೆಲ್ಲ ಕನಕಪುರ ರಸ್ತೆಯ ಆಚೆ ಒಂದು ರೆಸಾರ್ಟಿಗೆ ಹೋಗಿದ್ದೆವು. ಊಟವಾದ ಮೇಲೆ ಎಲ್ಲರೂ ವೃತ್ತಾಕಾರವಾಗಿ ಕೂತು ಅಂತ್ಯಾಕ್ಷರಿ ಶುರುಮಾಡಿದರು. ನನ್ನ ಸರದಿ ಬರುವವರೆಗೆ ಕಾಯಲಾಗದೆ ಎದ್ದು ಹಿತ್ತಲ ಕಡೆ ಹೋದೆ. ಅಲ್ಲಿ ಹುಣಸೆಮರದ ಕೆಳಗೆ ಒಂದು ಫೈಬರ್ ದೋಣಿ ಬೋರಲಾಗಿ ಬಿದ್ದಿತ್ತು. ಹೊಟ್ಟೆಯ ಮೇಲೆ ಬಿರುಕು, ಬಣ್ಣವೆಲ್ಲ ಸಿಪ್ಪೆಯೆದ್ದು ಹಲಸಿನಕಾಯಿಯ ಹಾಗಿತ್ತು. ಪಕ್ಕದಲ್ಲೇ ಗೋಣಿಚೀಲದಲ್ಲಿ ಸುತ್ತಿಟ್ಟ ಮೋಟಾರು. ರೆಸಾರ್ಟಿನ ಮಾಲೀಕರು ಹಲ್ಲುಕಡ್ಡಿ ಆಡಿಸುತ್ತ ಬಂದು, ಕೊಳ ಒಣಗಿಹೋಗಿ ದೋಣಿವಿಹಾರ ನಿಲ್ಲಿಸಿದೆವು, ಗುಜರಿಯವನೂ ಇದನ್ನು ಮೂಸಿ ನೋಡಲಿಲ್ಲ ಎಂದರು. ಇದನ್ನು ಸರಿಮಾಡಿದರೆ ಚೆನ್ನಾಗಿರುತ್ತದಲ್ಲವೇ ಎಂದು ನನ್ನ ಬಾಯಿಂದ ಹೊರಟಿತು. ಅವರು ತಡಮಾಡಲಿಲ್ಲ. ತಗೊಂಡೋಗಿ ಮೇಡಂ, ಜಾಗ ಖಾಲಿಯಾದರೆ ಸಾಕು ಎಂದು ಬಣ್ಣಗೆಟ್ಟ ಲೈಫ್ ಜಾಕೆಟ್ಟುಗಳನ್ನೂ ಸೇರಿಸಿ ಕೊಟ್ಟರು. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಸಂಸ್ಕಾರ ನಮ್ಮ ಮನೆತನದಲ್ಲಿ ಇಲ್ಲ.

ನಾವಿರುವುದು ಜೆ.ಪಿ. ನಗರದ ಪುಟ್ಟೇನಹಳ್ಳಿಯಲ್ಲಿ, ಮುನಿರಾಜಣ್ಣನವರ ಮನೆಯ ಮೊದಲ ಮಹಡಿಯಲ್ಲಿ, ಬಾಡಿಗೆಗೆ. ಮುನಿರಾಜಣ್ಣ ಹಳೇ ಊರಿನವರು. ಅವರ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿನ ಈಜುಕೊಳವಿದೆ. ಅವರು ತಾಯಿ ಚೌಡಮ್ಮಜ್ಜಿಯ ಜೊತೆ ಕೆಳಗಿನ ಮನೆಯಲ್ಲಿರುತ್ತಾರೆ. ದೋಣಿ ಹೇರಿದ ಟೆಂಪೋ ರೆಸಾರ್ಟಿನಿಂದ ಹೊರಡುವ ಮೊದಲು ನಾನು ಅವರಿಗೆ ಫೋನು ಮಾಡಿ, ಒಂದು ಹಳೇ ಗಾಡಿ ತರುತ್ತಿದ್ದೇನೆ, ಕಾಂಪೌಂಡಿನ ಪಕ್ಕದಲ್ಲಿ ನಿಲ್ಲಿಸಬಹುದೇ ಎಂದು ಕೇಳಿದ್ದೆ. ಅದಕ್ಕೇನು ನಿಲ್ಲಿಸಿ ಎಂದಿದ್ದರು. ಅವರು ಸ್ಕೂಟರ್ ಎಂದುಕೊಂಡಿದ್ದರಂತೆ. ದೋಣಿ ಇಳಿದಾಗ ಗೇಟಿನ ಬಳಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ, "ಮೇಡಂ, ಇದಕ್ಕೆ ಚಕ್ರ ಇಲ್ವಲ್ಲ" ಎಂದರು. ಎದುರುಮನೆಯ ಪದ್ಮಾ ಕಸ ಹಾಕಲು ಬಂದವರು ಕಸವನ್ನು ಹಾಗೇ ಹಿಡಿದು ನಿಂತರು. ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ಗದಗಿನ ಹುಡುಗಿ ಶಿವಲೀಲಾ, ಬಿಟಿಎಂನಲ್ಲಿ ಕೆಲಸಕ್ಕೆ ಹೋಗುವವಳು, ಮೆಟ್ಟಿಲಿಳಿಯುತ್ತ ಒಂದೇ ಮಾತಿನಲ್ಲಿ ವಿಷಯ ಮುಗಿಸಿದಳು: "ಅಕ್ಕಾರ, ದೋಣಿ ತಂದೀರಿ ಛಲೋ ಆತು. ಹೊಳೀ ಯಾವಾಗ ತರ್ತೀರಿ?"

ನಮ್ಮವರು ಬಾಲ್ಕನಿಯಿಂದ ಇಳಿದು ಬಂದು ದೋಣಿಯ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿದರು. ಇದು ತೇಲುತ್ತದೆಯೇ ಎಂದು ಕೇಳಿದರು. ಸರಿಮಾಡಿದರೆ ತೇಲುತ್ತದೆ ಎಂದೆ. ಮತ್ತೆ ನೀನು ಎಂದು ಕೇಳಿದರು. ನನಗೆ ಈಜು ಬರುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ನಾನು ಲೈಫ್ ಜಾಕೆಟ್ ತೋರಿಸಿದೆ. ಅವರು ತಲೆಯಾಡಿಸಿ ಮತ್ತೆ ಪೇಪರಿಗೆ ಹೋದರು.

ಕೆಲಸ ಶುರುವಾಯಿತು. ಖರ್ಚಿಲ್ಲದೆ ಮಾಡುತ್ತೇನೆಂದು ಮನೆಯಲ್ಲಿ ಹೇಳಿಬಿಟ್ಟಿದ್ದರಿಂದ ಹಳೇ ಬಣ್ಣ ಕೆರೆಯಲು ದೋಸೆ ಮಗುಚುವ ಕೈಯನ್ನೇ ಬಳಸಿದೆ. ಬಿರುಕಿಗೆ ಕಾರಿನ ಗ್ಯಾರೇಜಿನಿಂದ ತಂದ ಪುಟ್ಟಿ ಮೆತ್ತಿದೆ. ಅದು ಗಟ್ಟಿಯಾಗುವವರೆಗೆ ಮುಟ್ಟಬೇಡಿ ಎಂದು ಗ್ಯಾರೇಜಿನವನು ಹೇಳಿದ್ದ. ಮುಟ್ಟಬೇಡಿ ಎಂದರೆ ನನಗೆ ಬೇರೆ ಯಾವ ಕೆಲಸವೂ ತೋಚುವುದಿಲ್ಲ. ಸಾರಿಗೆ ಒಗ್ಗರಣೆ ಹಾಕಿ ಬಂದು ಮುಟ್ಟಿದೆ, ಬಟ್ಟೆ ಹರವಿ ಬಂದು ಮುಟ್ಟಿದೆ. ಮರುದಿನ ನೋಡಿದರೆ ಬಿರುಕಿನ ಉದ್ದಕ್ಕೂ ನನ್ನ ಹೆಬ್ಬೆಟ್ಟಿನ ಗುರುತು. ಯಾವುದೋ ಪತ್ರಕ್ಕೆ ಊರಿನವರೆಲ್ಲ ರುಜು ಹಾಕಿದ ಹಾಗೆ. ಎಲ್ಲವನ್ನೂ ಸ್ಯಾಂಡ್ ಪೇಪರಿನಿಂದ ಉಜ್ಜಿ ಮತ್ತೆ ಮೆತ್ತಬೇಕಾಯಿತು. ಉಜ್ಜಿದ ಧೂಳು ಪದ್ಮಾ ಹರವಿದ ಬಟ್ಟೆಗಳ ಮೇಲೆ ಕೂತು ಆಕೆ ಎರಡು ವಾರ ನನ್ನನ್ನು ಮಾತಾಡಿಸಲಿಲ್ಲ.

ಆಕೆಯನ್ನು ಒಲಿಸಿಕೊಳ್ಳಲು ಹೋಗಿದ್ದರಿಂದಲೇ ಬಣ್ಣದ ಸಮಸ್ಯೆ ಬಗೆಹರಿಯಿತು. ಅವರ ಮನೆಯ ಸಜ್ಜದ ಮೇಲೆ, ಹೋದ ವರ್ಷ ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಡಬ್ಬಿಗಳಿದ್ದವು. ಬೇಕಾದರೆ ತಗೊಳ್ಳಿ ಎಂದರು. ಆಗ ನನಗೆ ಹೊಳೆಯಿತು, ಈ ಬೀದಿಯ ಪ್ರತಿ ಮನೆಯ ಸಜ್ಜದ ಮೇಲೂ ಹೀಗೆ ಅರ್ಧರ್ಧ ಡಬ್ಬಿ ಇದ್ದೇ ಇರುತ್ತದೆ. ಮನೆಮನೆಗೆ ಹೋಗಿ ಕೇಳಿದೆ. ಕಿಟಕಿಯ ಹಸಿರು, ಗೇಟಿನ ಕಪ್ಪು, ಯಾರದೋ ಅಡುಗೆಮನೆಯ ಹಳದಿ ಎಲ್ಲ ಬಂತು. ಆದರೆ ಡಬ್ಬಿಯ ಜೊತೆಗೆ ಹಕ್ಕೂ ಬರುತ್ತದೆ ಎಂಬುದು ತಿಳಿದಿರಲಿಲ್ಲ. ಹಸಿರು ಕೊಟ್ಟವರು ದಿನಾ ವಾಕಿಂಗ್ ಮುಗಿಸಿ ಬಂದು ತಮ್ಮ ಹಸಿರಿನ ಮೇಲೆ ಕೈಯಾಡಿಸಿ ಹೋಗುತ್ತಿದ್ದರು. ಪದ್ಮಾ ತಮ್ಮ ಮಗಳ ಕೋಣೆಯ ತಿಳಿನೇರಳೆಯನ್ನು ಎಲ್ಲೋ ಮೂಲೆಗೆ ಹಾಕಬಾರದೆಂದು ಹೇಳಿದ್ದರಿಂದ ಸೀಟುಗಳಿಗೆಲ್ಲ ಅದನ್ನೇ ಬಳಿದೆ. ಅದು ಗೋಡೆಯ ಬಣ್ಣ, ದೋಣಿಗೆ ಆಗುವುದಿಲ್ಲ ಎಂದು ಯಾರೋ ಹೇಳಿದಂತಿತ್ತು. ಪೂರ್ತಿ ಕೇಳಿಸಿಕೊಳ್ಳುವಷ್ಟು ಹೊತ್ತು ನಾನು ಅಲ್ಲಿ ನಿಂತಿರಲಿಲ್ಲ.

ಚೌಡಮ್ಮಜ್ಜಿ ಮಾತ್ರ ಬಣ್ಣ ಕೊಡದೆಯೇ ಹಕ್ಕು ಸ್ಥಾಪಿಸಿದರು. ಮಧ್ಯಾಹ್ನದ ಬಿಸಿಲು ದೋಣಿಯ ಮೇಲೆ ಬೀಳುವ ಹೊತ್ತಿಗೆ ಸ್ಟೂಲಿನ ಮೇಲೆ ಕಾಲಿಟ್ಟು ಒಳಗೆ ಹತ್ತಿ, ಅವರೆಕಾಯಿ ಬಿಡಿಸುತ್ತ ಕೂರುತ್ತಿದ್ದರು. ನಾನು ಉಜ್ಜುವಾಗ ದೋಣಿ ಅಲುಗಿದರೆ, "ವಸಿ ನಿಧಾನ ಕಣವ್ವ, ಕಾಯಿ ಚೆಲ್ತದೆ" ಎನ್ನುವರು.

ಸಂಕ್ರಾಂತಿ ಹತ್ತಿರವಾದಾಗ ಮುನಿರಾಜಣ್ಣ ಮೇಲೆ ಬಂದು ಬಾಗಿಲಲ್ಲೇ ನಿಂತರು. ಮಗಳ ಸೀಮಂತ ಇಟ್ಟುಕೊಂಡಿದ್ದೇವೆ, ಕಾಂಪೌಂಡಿನಲ್ಲಿ ಶಾಮಿಯಾನ ಹಾಕಬೇಕು, ಅಷ್ಟರೊಳಗೆ ಜಾಗ ಬೇಕು ಎಂದರು. ಮನುಷ್ಯ ಗಟ್ಟಿಯಾಗಿ ಮಾತಾಡುವವರಲ್ಲ. ಹಾಗಾಗಿ ಮಾತು ಇನ್ನೂ ಚುಚ್ಚಿತು. ಆಗದಿದ್ದರೆ ತುಂಡು ಮಾಡಿಸಿ ಸಾಗಿಸಿಬಿಡೋಣ, ನಾನೇ ಜನ ಕರೆಸುತ್ತೇನೆ ಎಂದೂ ಸೇರಿಸಿದರು. ಅಂದು ನಾನು ಊಟ ಮಾಡಲಿಲ್ಲ. ಮರುದಿನ ಪುಟ್ಟೇನಹಳ್ಳಿ ಕೆರೆಗೆ ಹೋಗಿ ಅಲ್ಲಿನ ಕಾವಲುಗಾರನನ್ನು ಕೇಳಿದೆ. ಇಲ್ಲಿ ಹಕ್ಕಿಗಳು ಬಿಟ್ಟರೆ ಬೇರೆ ಯಾರೂ ನೀರಿಗಿಳಿಯುವ ಹಾಗಿಲ್ಲ ಎಂದ. ಕೆರೆಯಿರುವ ಒಂದೊಂದು ಕಡೆಗೂ ಫೋನು ಮಾಡಿದೆ. ದೋಣಿ ಎಂದ ಕೂಡಲೇ ಕೆಲವರು ನಕ್ಕರು, ಕೆಲವರು ಅರ್ಜಿ ಹಾಕಿ ಎಂದರು. ಅಷ್ಟು ಹಸಿರು ಹಳದಿ ಬಳಿದು ಮಿಂಚುತ್ತಿರುವ ದೋಣಿಯನ್ನು ಯಾರೋ ಗರಗಸದಿಂದ ಕೊಯ್ಯುವುದನ್ನು ಯೋಚಿಸಿ ನನಗೆ ನಿಜಕ್ಕೂ ಅಳು ಬಂತು.

ಕೊನೆಗೆ ದಾರಿ ತೋರಿಸಿದ್ದು ಅಜ್ಜಿ. ಮಗನನ್ನು ಕರೆದು, ನಿನ್ನ ಭಾವನ ಊರಿನ ಕೆರೆ ತುಂಬಿದೆಯಲ್ಲ, ಅಲ್ಲಿಗೆ ಬಿಡಿ, ಕೊಯ್ಯುವ ಮಾತು ಮಾತ್ರ ಆಡಬೇಡ ಎಂದರಂತೆ. ಆ ಭಾವ, ಅಂದರೆ ಅಜ್ಜಿಯ ಅಳಿಯ, ಆ ಊರಿನ ಹಿರಿಯರು. ಪಂಚಾಯಿತಿಯಲ್ಲಿ ಕೇಳಿ ಒಪ್ಪಿಗೆ ಪಡೆದರು. ನೀರು ಎದೆಮಟ್ಟ, ಹೆದರಬೇಡಿ ಎಂದು ಹೇಳಿ ಕಳಿಸಿದರು. ಯಾರ ಎದೆಯ ಮಟ್ಟ ಎಂದು ನಾನು ಕೇಳಲಿಲ್ಲ. ಮೋಟಾರನ್ನು ಸ್ಕೂಟರ್ ಮೆಕ್ಯಾನಿಕ್ ಸರಿಮಾಡಿಕೊಟ್ಟಿದ್ದ. ನಾನು ಬಿಡದೆ ಪಕ್ಕದಲ್ಲೇ ಕೂತು ಪೆಟ್ರೋಲ್ ಟ್ಯಾಂಕು, ಪೈಪು, ತಿರುಗಿಸಿದರೆ ಪೆಟ್ರೋಲು ಹರಿಯುವ ನಿಲ್ಲುವ ಕಾಕು ಎಲ್ಲ ಬಿಚ್ಚಿ ಜೋಡಿಸುವುದನ್ನು ಕಲಿತಿದ್ದೆ. ಕಾಂಪೌಂಡಿನ ನೀರಿನ ಡ್ರಮ್ಮಿನಲ್ಲಿಟ್ಟು ಪರೀಕ್ಷೆ ಮಾಡಿದಾಗ ಬೀದಿ ತುಂಬ ಹೊಗೆಯಾಯಿತು.

ಭಾನುವಾರ ದೋಣಿಯನ್ನು ಟೆಂಪೋಗೆ ಏರಿಸಿ ಎಲ್ಲರೂ ಆ ಊರಿಗೆ ಹೊರಟೆವು. ಕೆರೆಯ ದಡದಲ್ಲಿ ಭಾವ ದೋಣಿಗೆ ಅರಿಶಿನ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟಿದರು. ಲೈಫ್ ಜಾಕೆಟ್ ಹಾಕಿಕೊಂಡು ನಾನು, ನಮ್ಮವರು ಮತ್ತು ಅಜ್ಜಿ ಹತ್ತಿದೆವು. ಅಜ್ಜಿ ಬೇಡವೆಂದು ಮುನಿರಾಜಣ್ಣ ಎಷ್ಟು ಹೇಳಿದರೂ ಆಕೆ ತನ್ನ ಮಾಮೂಲಿ ಜಾಗದಲ್ಲಿ ಕೂತಾಗಿತ್ತು. ಹಗ್ಗ ಎಳೆದೆ. ಮೋಟಾರು ಕೆಮ್ಮಿ ಹೊತ್ತಿಕೊಂಡಿತು. ದೋಣಿ ನೀರು ಸೀಳಿ ಹೊರಟಾಗ ದಡದಲ್ಲಿದ್ದವರು ಚಪ್ಪಾಳೆ ತಟ್ಟಿದರು, ಬಿರುಕಿನಿಂದ ಒಂದು ಹನಿಯೂ ಒಳಗೆ ಬರಲಿಲ್ಲ. ನನಗಾದ ಹೆಮ್ಮೆಯನ್ನು ಹೇಳಲಾರೆ. ಹೆಮ್ಮೆ ಇನ್ನೂ ಪೂರ್ತಿ ಅರಳುವ ಮೊದಲೇ, ಕೆರೆಯ ನಡುವೆ, ಮೋಟಾರು ನಿಂತುಹೋಯಿತು.

ಹಗ್ಗ ಎಳೆದೆ, ಮತ್ತೆ ಎಳೆದೆ. ಎದ್ದು ನಿಲ್ಲಲು ಹೋದರೆ ದೋಣಿ ಹೊಯ್ದಾಡಿತು. "ಕುಂತ್ಕಳವ್ವ ಸುಮ್ಕೆ" ಎಂದರು ಅಜ್ಜಿ. ಹುಟ್ಟು ತಂದಿರಲಿಲ್ಲ, ಮೋಟಾರಿರುವಾಗ ಹುಟ್ಟು ಯಾಕೆ ಎಂದವಳು ನಾನೇ. ಏನು ಕೆಟ್ಟಿರಬಹುದೆಂದು ಬಗ್ಗಿ ಪೈಪಿನುದ್ದಕ್ಕೂ ಕಣ್ಣಾಡಿಸಿದೆ. ಟ್ಯಾಂಕು ನಮ್ಮವರ ಕಾಲ ಬಳಿ ಇತ್ತು. ಅದರ ಕಾಕು ಮುಚ್ಚಿತ್ತು. ನಾನೇ ಹೊರಡುವಾಗ ತೆರೆದದ್ದು. ಅವರ ಚಪ್ಪಲಿ ಅದರ ಪಕ್ಕದಲ್ಲೇ ಇತ್ತು. ತಲೆಯೆತ್ತಿ ನೋಡಿದೆ. ಅವರು ದೂರದ ನೀರಿನ ಮೇಲೆ ಕಣ್ಣಿಟ್ಟು ಏನೂ ಅರಿಯದವರಂತಿದ್ದರು. ಆಮೇಲೆ ಮೆಲ್ಲಗೆ, "ಸ್ವಲ್ಪ ಹೊತ್ತು ಇರೋಣ ಬಿಡೇ. ಮದುವೆಯಾದಾಗಿಂದ ನಿನ್ನ ಪಕ್ಕ ಹೀಗೆ ಕೂತೇ ಇಲ್ಲ" ಎಂದರು.

ಕೈ ಚಾಚಿದರೆ ಕಾಕು ಸಿಗುತ್ತಿತ್ತು. ನಾನು ಚಾಚಲಿಲ್ಲ. ಮೊದಲು ಕಾಲು ಕುಣಿಯುತ್ತಿತ್ತು, ಬೆರಳು ಸೀಟಿನ ಅಂಚನ್ನು ಕೆರೆಯುತ್ತಿತ್ತು. ಅಜ್ಜಿ, ಈ ಊರಿಗೆ ಮಗಳನ್ನು ಕೊಟ್ಟಾಗ ಗಾಡಿ ಕಟ್ಟಿಕೊಂಡು ಬಂದದ್ದನ್ನು ಹೇಳತೊಡಗಿದರು. ಕೇಳುತ್ತ ಕೇಳುತ್ತ ಕಾಲು ತಾನಾಗಿಯೇ ನಿಂತಿತು. ದಡದಿಂದ ಮುನಿರಾಜಣ್ಣ ಹಗ್ಗ ಬೀಸಿ ಕೂಗುತ್ತಿದ್ದರು. ಅಜ್ಜಿ ಕೂತಲ್ಲಿಂದಲೇ ಕೈಯಾಡಿಸಿ ಸುಮ್ಮನಿರುವಂತೆ ಹೇಳಿದರು. ಗಾಳಿ ನಮ್ಮನ್ನು ಅದರ ಇಷ್ಟದ ವೇಗದಲ್ಲಿ ದಡಕ್ಕೆ ತಂದು ಬಿಟ್ಟಿತು. ಇಳಿದಾಗ, ಸಿಡಿದ ನೀರಿಗೆ ಸೀಟಿನ ಗೋಡೆಬಣ್ಣ ಬಿಟ್ಟುಕೊಂಡು ಮೂವರ ಹಿಂಭಾಗವೂ ತಿಳಿನೇರಳೆಯಾಗಿತ್ತು. ನಮ್ಮವರ ಬಿಳಿ ಪಂಚೆಯನ್ನು ನೋಡಿ ಭಾವ ತಿರುಗಿ ನಿಂತು ನಕ್ಕರು.

ದೋಣಿ ಈಗ ಆ ಕೆರೆಯಲ್ಲೇ ಇದೆ. ಸೀಮಂತ ಚೆನ್ನಾಗಿ ನಡೆಯಿತು. ಊಟದ ಪಂಕ್ತಿಯಲ್ಲಿ ಮುನಿರಾಜಣ್ಣ ನೆಂಟರಿಗೆಲ್ಲ ನನ್ನನ್ನು ಪರಿಚಯಿಸುತ್ತ, ಮೇಡಂ ಬಣ್ಣವೇನೋ ಸಖತ್ತಾಗಿ ಹೊಡೆಯುತ್ತಾರೆ, ಮೋಟಾರಿನ ವಿಷಯ ಮಾತ್ರ ಅವರಿಗೆ ಅಷ್ಟು ಗೊತ್ತಾಗುವುದಿಲ್ಲ ಎಂದರು. ಎಲ್ಲರೂ ನಕ್ಕರು. ನಾಲಗೆಯ ತುದಿಯವರೆಗೆ ಬಂದ ಕಾಕಿನ ವಿಷಯವನ್ನು ಪಾಯಸದ ಜೊತೆ ನುಂಗಿದೆ. ಎದುರು ಸಾಲಿನಲ್ಲಿದ್ದ ನಮ್ಮವರು ಎಲೆಯಿಂದ ತಲೆಯೆತ್ತಲಿಲ್ಲ.

ಹೋದ ವಾರ ನಮ್ಮವರೇ ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು, ಮತ್ತೆ ಕೆರೆಗೆ ಹೋಗುವ ಮೊದಲು ಆ ಮೋಟಾರನ್ನು ಯಾರಿಗಾದರೂ ತೋರಿಸೋಣವೇ ಎಂದು. "ಅವಸರ ಏನಿದೆ, ನಿಧಾನಕ್ಕೆ ನೋಡಿದ್ರಾಯ್ತು" ಎಂದೆ. ಅಂದವರು ಯಾರೆಂದು ನಾನೇ ಹಿಂದೆ ತಿರುಗಿ ನೋಡುವಂತಾಯಿತು. ಅಷ್ಟರಲ್ಲಿ ಅವರು, ಸುಲಭಕ್ಕೆ ಕುರ್ಚಿ ಬಿಟ್ಟು ಏಳದ ಮನುಷ್ಯ, ಪೇಪರು ಬದಿಗಿಟ್ಟು ಎದ್ದು ಬಂದು ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು.